ವಿಟಮಿನ್ ಮತ್ತು ಖನಿಜಾಂಶಗಳ ಪರೀಕ್ಷೆ: ಯಾವ ಅಂಶಕ್ಕೆ ಯಾವ ಪರೀಕ್ಷೆ?

ದೇಹದಲ್ಲಿ ವಿಟಮಿನ್ ಹಾಗೂ ಖನಿಜಾಂಶಗಳು ಸಾಕಷ್ಟಿವೆಯೇ ಎಂದು ತಿಳಿಯಲು ಹೊರಟವರ ಮುಂದೆ ಇಂದು ಹಲವು ದಾರಿಗಳಿವೆ. ವೈದ್ಯರು ಲಕ್ಷಣಗಳನ್ನು ನೋಡಿ ಬರೆದುಕೊಡುವ ಒಂದೆರಡು ಬಿಡಿ ರಕ್ತ ಪರೀಕ್ಷೆಗಳಿವೆ. ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಅಂಶಗಳನ್ನು ಅಳೆಯುವ ಪ್ಯಾಕೇಜುಗಳಿವೆ. ಮನೆಯಲ್ಲೇ ಬೆರಳು ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಇಳಿಸಿ ಕಳುಹಿಸುವ ಕಿಟ್‌ಗಳಿವೆ. ಮೂತ್ರ ಪರೀಕ್ಷೆಯೂ ಕೂದಲಿನ ವಿಶ್ಲೇಷಣೆಯೂ ಇವೆ. ಎಲ್ಲವೂ ಕೊನೆಗೆ ಅಂಕಿಗಳಿರುವ ಒಂದು ವರದಿಯನ್ನು ಕೊಡುವುದರಿಂದ, ಎಲ್ಲವೂ ಮಾಡುವುದು ಒಂದೇ ಕೆಲಸ, ವ್ಯತ್ಯಾಸವಿರುವುದು ಅನುಕೂಲದಲ್ಲಿ ಮಾತ್ರ ಎಂಬ ಭಾವನೆ ಮೂಡುವುದು ಸಹಜ. ಆದರೆ ಇವು ಅಳೆಯುವ ಸಂಗತಿಗಳೇ ಬೇರೆ ಬೇರೆ. ಕೆಲವು ನಿನ್ನೆ ಮೊನ್ನೆ ಉಂಡದ್ದನ್ನು ತೋರಿಸುತ್ತವೆ, ಕೆಲವು ಕಳೆದ ಮೂರು ತಿಂಗಳ ಸ್ಥಿತಿಯನ್ನು, ಕೆಲವು ದೇಹದಲ್ಲಿ ಕೂಡಿಟ್ಟ ಸಂಗ್ರಹವನ್ನು. ಇನ್ನು ಕೆಲವು ನಂಬಬಹುದಾದ ಏನನ್ನೂ ತೋರಿಸುವುದಿಲ್ಲ.

ಹೀಗಾಗಿ ಪರೀಕ್ಷೆಯನ್ನು ಆರಿಸುವ ಮೊದಲು ನಮ್ಮ ಪ್ರಶ್ನೆ ಏನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ‘ನನಗೆ ಯಾವುದಾದರೂ ಕೊರತೆ ಇದೆಯೇ?’ ಎಂಬ ಪ್ರಶ್ನೆಗೆ ಉತ್ತರಿಸುವ ಪರೀಕ್ಷೆ ಇಲ್ಲ. ‘ಆರು ತಿಂಗಳಿಂದ ದಣಿವಿದೆ, ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು, ಕಬ್ಬಿಣದ ಸಂಗ್ರಹ ಬರಿದಾಗಿದೆಯೇ?’ ಎಂಬ ಪ್ರಶ್ನೆಗೆ ಮಾತ್ರ ಬಹಳ ಒಳ್ಳೆಯ ಪರೀಕ್ಷೆಯೇ ಇದೆ.

ರಕ್ತದ ಮಟ್ಟ ಮತ್ತು ದೇಹದ ಸಂಗ್ರಹ

ವರದಿಯ ಅಂಕಿಯನ್ನು ಓದುವವರು ಮೊದಲು ತಿಳಿಯಬೇಕಾದ ಸಂಗತಿ ಇದು: ಹಲವು ಪೋಷಕಾಂಶಗಳ ವಿಷಯದಲ್ಲಿ ರಕ್ತವು ಒಂದು ಸಾಗಣೆಯ ಮಾರ್ಗ ಮಾತ್ರ, ಉಗ್ರಾಣ ಬೇರೆಡೆ ಇರುತ್ತದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿ ಅದು ಇಳಿಯುವ ಸೂಚನೆ ಕಂಡ ಕೂಡಲೇ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ, ಮೂಳೆಯಿಂದ ಕ್ಯಾಲ್ಸಿಯಂ ಸೆಳೆದು ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಆದ್ದರಿಂದ ಮೂಳೆ ತೆಳ್ಳಗಾಗುತ್ತಿದ್ದರೂ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿಯೇ ಇರಬಹುದು. ಆ ಅಂಕಿಯಲ್ಲಿ ಏರುಪೇರು ಕಂಡರೆ ಅದು ಆಹಾರದ ಕೊರತೆಗಿಂತ ಪ್ಯಾರಾಥೈರಾಯ್ಡ್, ಮೂತ್ರಪಿಂಡ ಅಥವಾ ಇನ್ನಾವುದೋ ಕಾಯಿಲೆಯತ್ತ ಬೆರಳು ತೋರಿಸುವುದೇ ಹೆಚ್ಚು. ಅಲ್ಲದೆ ರಕ್ತದ ಕ್ಯಾಲ್ಸಿಯಂನ ಸುಮಾರು ಶೇ. 40ರಷ್ಟು ಆಲ್ಬುಮಿನ್ ಮುಂತಾದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆಯಿರುವ ರೋಗಿಯಲ್ಲಿ ಒಟ್ಟು ಕ್ಯಾಲ್ಸಿಯಂ ಕಡಿಮೆ ಕಂಡರೂ ಕೆಲಸಕ್ಕೆ ಬರುವ ಅಯಾನೀಕೃತ ಭಾಗ ಸರಿಯಾಗಿರಬಹುದು. ಸಂದೇಹವಿದ್ದಾಗ ಆ ಭಾಗವನ್ನೇ ಅಳೆಯಿಸುವುದು ಮೇಲು.

ಮೆಗ್ನೀಸಿಯಂನ ಕಥೆಯೂ ಇದೇ ಬಗೆಯದು. ದೇಹದ ಒಟ್ಟು ಮೆಗ್ನೀಸಿಯಂನಲ್ಲಿ ಸೀರಮ್‌ನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವದಲ್ಲಿ, ಇರುವುದು ಶೇ. 1ಕ್ಕಿಂತಲೂ ಕಡಿಮೆ. ಸೀರಮ್ ಮಟ್ಟ ಇಳಿದಿದ್ದರೆ ಕೊರತೆ ಇದೆ ಎಂದು ನಂಬಬಹುದು. ಸರಿಯಿದ್ದರೆ ಕೊರತೆ ಇಲ್ಲವೆಂದು ಹೇಳಲಾಗುವುದಿಲ್ಲ. ಕೆಂಪು ರಕ್ತಕಣದೊಳಗಿನ ಮೆಗ್ನೀಸಿಯಂ ಪರೀಕ್ಷೆಯನ್ನು ಕೆಲವೆಡೆ ಇದಕ್ಕಿಂತ ಉತ್ತಮವೆಂದು ಮುಂದಿಡುತ್ತಾರಾದರೂ, ಸ್ನಾಯು ಮತ್ತು ಮೂಳೆಗಳ ಸಂಗ್ರಹವನ್ನು ಅದು ಸರಿಯಾಗಿ ಪ್ರತಿನಿಧಿಸುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಇಲ್ಲಿ ನೆರವಿಗೆ ಬರುವುದು 24 ಗಂಟೆಗಳ ಮೂತ್ರ ಪರೀಕ್ಷೆ. ಸೀರಮ್ ಮಟ್ಟ ಕಡಿಮೆಯಿದ್ದೂ ಮೂತ್ರದಲ್ಲಿ ಮೆಗ್ನೀಸಿಯಂ ಹೇರಳವಾಗಿ ಹೋಗುತ್ತಿದ್ದರೆ ಸೋರಿಕೆ ಮೂತ್ರಪಿಂಡದಲ್ಲಿದೆ. ಮೂತ್ರದಲ್ಲಿಯೂ ಕಡಿಮೆಯಿದ್ದರೆ ಆಹಾರದಲ್ಲಿಯೋ ಕರುಳಿನಲ್ಲಿಯೋ ಕಾರಣವನ್ನು ಹುಡುಕಬೇಕು.

ಕಬ್ಬಿಣ: ನಾಲ್ಕು ಪರೀಕ್ಷೆಗಳು, ನಾಲ್ಕು ಅರ್ಥಗಳು

ಪರೀಕ್ಷೆಗಳನ್ನು ಹೋಲಿಸಿ ನೋಡುವುದರ ಪ್ರಯೋಜನ ಕಬ್ಬಿಣದಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಹಿಮೋಗ್ಲೋಬಿನ್ ಎಲ್ಲರಿಗೂ ಪರಿಚಿತ ಪರೀಕ್ಷೆ. ಆದರೆ ಕಬ್ಬಿಣದ ಕೊರತೆಯಲ್ಲಿ ಕಟ್ಟಕಡೆಗೆ ಇಳಿಯುವುದು ಅದೇ. ಸಂಗ್ರಹವೆಲ್ಲ ಕರಗಿದ ಮೇಲೂ ಅದು ಸ್ವಲ್ಪ ಕಾಲ ಸಾಮಾನ್ಯ ಮಟ್ಟದಲ್ಲಿ ನಿಂತಿರುತ್ತದೆ. ಸೀರಮ್ ಕಬ್ಬಿಣ ಹೆಸರಿನಿಂದ ನೇರವಾದ ಅಳತೆಯಂತೆ ತೋರುತ್ತದೆಯಾದರೂ ಒಂಟಿಯಾಗಿ ನೋಡಿದರೆ ಇವುಗಳಲ್ಲೆಲ್ಲ ಅತ್ಯಂತ ದುರ್ಬಲ. ಅದು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಬೆಳಿಗ್ಗೆ ನುಂಗಿದ ಒಂದು ಕಬ್ಬಿಣದ ಮಾತ್ರೆಯಿಂದ ಕೆಲವೇ ಗಂಟೆಗಳಲ್ಲಿ ಮೇಲೇರುತ್ತದೆ, ಸೋಂಕು ತಗುಲಿದರೆ ಕುಸಿಯುತ್ತದೆ.

ಸಂಗ್ರಹವನ್ನು ತಿಳಿಸುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ, ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ, 5 ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ. ಅನೇಕ ವೈದ್ಯರು ಲಕ್ಷಣಗಳಿರುವವರಲ್ಲಿ 30ರ ಕೆಳಗೆ ಬಂದಾಗಲೇ ಕೊರತೆಯೆಂದು ಪರಿಗಣಿಸುತ್ತಾರೆ. ಆದರೆ ಫೆರಿಟಿನ್‌ಗೆ ಇನ್ನೊಂದು ಗುಣವಿದೆ: ದೇಹದಲ್ಲಿ ಉರಿಯೂತ ಅಥವಾ ಸೋಂಕು ಇದ್ದಾಗ ಕಬ್ಬಿಣದ ಸಂಗ್ರಹ ಹೆಚ್ಚದಿದ್ದರೂ ಅದು ತಾನಾಗಿ ಏರುತ್ತದೆ. ಅದೇ ಮಾರ್ಗಸೂಚಿ ಅಂಥ ಸ್ಥಿತಿಯಲ್ಲಿ ವಯಸ್ಕರ ಮಿತಿಯನ್ನು 70ಕ್ಕೂ ಚಿಕ್ಕ ಮಕ್ಕಳ ಮಿತಿಯನ್ನು 30ಕ್ಕೂ ಏರಿಸಿರುವುದು ಈ ಕಾರಣಕ್ಕೆ.

ಇದರ ಅರ್ಥವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಇಬ್ಬರು ಮಹಿಳೆಯರ ವರದಿಯಲ್ಲಿ ಫೆರಿಟಿನ್ 45 ಎಂದಿದೆ. ಒಬ್ಬರಲ್ಲಿ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಸಾಮಾನ್ಯವಾಗಿದೆ. ಅವರ ದಣಿವಿಗೆ ಬೇರೆ ಕಾರಣವನ್ನು ಹುಡುಕುವುದು ಸೂಕ್ತ. ಇನ್ನೊಬ್ಬರಿಗೆ ದೀರ್ಘಕಾಲದ ಸಂಧಿವಾತವಿದ್ದು, ಅವರ ಸಿ-ರಿಯಾಕ್ಟಿವ್ ಪ್ರೋಟೀನ್ ಏರಿದೆ. ಅವರಲ್ಲಿ ಅದೇ 45 ಕಬ್ಬಿಣದ ಕೊರತೆಯನ್ನು ಸೂಚಿಸುತ್ತಿರಬಹುದು. ವರದಿ ಇಬ್ಬರಿಗೂ ‘ಸಾಮಾನ್ಯ’ ಎಂದೇ ಅಚ್ಚು ಹಾಕಿ ಕೊಡುತ್ತದೆ. ಆದ್ದರಿಂದ ಕಬ್ಬಿಣದ ಬಗ್ಗೆ ಸಂದೇಹವಿರುವವರು ಫೆರಿಟಿನ್, ಸಿ-ರಿಯಾಕ್ಟಿವ್ ಪ್ರೋಟೀನ್ ಮತ್ತು ಸಂಪೂರ್ಣ ರಕ್ತಕಣ ಎಣಿಕೆ ಈ ಮೂರನ್ನು ಒಟ್ಟಿಗೆ ಮಾಡಿಸುವುದು ಸರಿಯಾದ ಆಯ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಚಿತ್ರ ಗೊಂದಲಮಯವಾಗಿದ್ದರೆ ನಾಲ್ಕನೆಯದಾಗಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು, ನೋಡಬೇಕು, ಅದು ಶೇ. 20ಕ್ಕಿಂತ ಕೆಳಗಿದ್ದರೆ ಅಂಗಾಂಶಗಳಿಗೆ ಕಬ್ಬಿಣ ತಲುಪುತ್ತಿಲ್ಲವೆಂಬ ಸೂಚನೆ, ಶೇ. 45ಕ್ಕಿಂತ ಮೇಲಿದ್ದರೆ ಕಬ್ಬಿಣ ಅತಿಯಾಗಿ ಶೇಖರವಾಗುವ ಆನುವಂಶಿಕ ಕಾಯಿಲೆಯ ಸಾಧ್ಯತೆಯನ್ನು ಪರಿಶೀಲಿಸಬೇಕೆಂಬ ಸೂಚನೆ. ದಣಿವಾಯಿತೆಂದು ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗುವವರು ಈ ಎರಡನೆಯ ಸಾಧ್ಯತೆಯನ್ನು ಮರೆಯಬಾರದು.

ವಿಟಮಿನ್ ಬಿ12 ಮತ್ತು ಫೋಲೇಟ್

ಬಿ12 ಪರೀಕ್ಷೆಯಲ್ಲಿ ನಿಜವಾದ ತೊಡಕಿರುವುದು ನಡುವಿನ ಅಂಕಿಗಳಲ್ಲಿ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಹೇಳುವುದು ವಾಡಿಕೆ. 300ಕ್ಕಿಂತ ಸಾಕಷ್ಟು ಮೇಲಿದ್ದರೆ ಕೊರತೆಯ ಸಾಧ್ಯತೆ ಕಡಿಮೆ. 200ರಿಂದ 300ರ ನಡುವೆ ಬಂದವರು ಏನು ಮಾಡಬೇಕು? ಸಾಮಾನ್ಯ ಪರೀಕ್ಷೆಯು ರಕ್ತದಲ್ಲಿರುವ ಒಟ್ಟು ಬಿ12 ಅನ್ನು ಅಳೆಯುತ್ತದೆ, ಆದರೆ ಅದರಲ್ಲಿ ಜೀವಕೋಶಗಳು ಒಳಗೆ ಎಳೆದುಕೊಳ್ಳಬಲ್ಲ, ಟ್ರಾನ್ಸ್‌ಕೋಬಾಲಮಿನ್ ಎಂಬ ಸಾಗಣೆ ಪ್ರೋಟೀನಿಗೆ ಅಂಟಿರುವ ಭಾಗ ಸುಮಾರು ನಾಲ್ಕನೇ ಒಂದರಷ್ಟು ಮಾತ್ರ. ಈ ಭಾಗವನ್ನಷ್ಟೇ ಅಳೆಯುವ ‘ಸಕ್ರಿಯ ಬಿ12’ ಪರೀಕ್ಷೆ ಒಂದು ಆಯ್ಕೆ.

ಇನ್ನೊಂದು ಆಯ್ಕೆ, ಬಿ12 ಮಾಡಬೇಕಾದ ಕೆಲಸ ನಡೆಯುತ್ತಿದೆಯೇ ಎಂದು ನೋಡುವುದು. ಬಿ12 ಸಾಲದಿದ್ದಾಗ ಮೀಥೈಲ್‌ಮಲೋನಿಕ್ ಆಮ್ಲ ಮತ್ತು ಹೋಮೋಸಿಸ್ಟೀನ್ ಎಂಬ ಎರಡು ವಸ್ತುಗಳು ರಕ್ತದಲ್ಲಿ ಶೇಖರವಾಗುತ್ತವೆ. ಇವೆರಡರಲ್ಲಿ ನಾನು ಹೆಚ್ಚು ತೂಕ ಕೊಡುವುದು ಮೊದಲನೆಯದಕ್ಕೆ, ಏಕೆಂದರೆ ಹೋಮೋಸಿಸ್ಟೀನ್ ಫೋಲೇಟ್ ಅಥವಾ ಬಿ6 ಕೊರತೆಯಿಂದಲೂ ಏರುತ್ತದೆ. ಮೀಥೈಲ್‌ಮಲೋನಿಕ್ ಆಮ್ಲ ಫೋಲೇಟ್ ಕೊರತೆಯಿಂದ ಏರುವುದಿಲ್ಲ. ಆದರೆ ಮೂತ್ರಪಿಂಡದ ಕಾರ್ಯ ಕುಗ್ಗಿದವರಲ್ಲಿ ಎರಡೂ ಏರಿರುವುದರಿಂದ ಜತೆಗೆ ಆ ಕಾರ್ಯವನ್ನು ತಿಳಿಸುವ ಕ್ರಿಯಾಟಿನಿನ್ ನೋಡಬೇಕು. ಪಾದಗಳಲ್ಲಿ ಜುಮ್ಮೆನಿಸುವಿಕೆ ಇದ್ದು, ಬಿ12 ಅಂಕಿ 240 ಇದ್ದು, ಮೀಥೈಲ್‌ಮಲೋನಿಕ್ ಆಮ್ಲ ಸ್ಪಷ್ಟವಾಗಿ ಏರಿದ್ದರೆ ಚಿಕಿತ್ಸೆಯನ್ನು ಮುಂದೂಡಬಾರದು. ನರಗಳ ಹಾನಿ ಬಹುಕಾಲ ಮುಂದುವರಿದರೆ ಪೂರ್ಣವಾಗಿ ಹಿಂದಿರುಗುವುದಿಲ್ಲ, ಹಿಮೋಗ್ಲೋಬಿನ್ ಸರಿಯಿರುವಾಗಲೂ ಅದು ಸಂಭವಿಸಬಹುದು.

ಯಾರು ಈ ಪರೀಕ್ಷೆಯನ್ನು ಮಾಡಿಸಬೇಕೆಂಬುದು ಇಲ್ಲಿ ಸ್ಪಷ್ಟವಾಗಿದೆ. ಪ್ರಾಣಿಜನ್ಯ ಆಹಾರವನ್ನು ಪೂರ್ತಿ ಅಥವಾ ಬಹುಪಾಲು ಬಿಟ್ಟವರು, ಮಧುಮೇಹದ ಔಷಧ ಮೆಟ್‌ಫಾರ್ಮಿನ್ ಅಥವಾ ಜಠರದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುತ್ತಿರುವವರು, ಜಠರ ಅಥವಾ ಸಣ್ಣಕರುಳಿನ ಶಸ್ತ್ರಚಿಕಿತ್ಸೆಯಾದವರು, ಹಿರಿಯರು. ಯಕೃತ್ತಿನ ಸಂಗ್ರಹ ವರ್ಷಗಳ ಕಾಲ ಸಾಗುವುದರಿಂದ ಕೊರತೆ ಮೆಲ್ಲಗೆ, ಗಮನಕ್ಕೆ ಬಾರದಂತೆ ಬೆಳೆಯುತ್ತದೆ.

ಫೋಲೇಟ್‌ಗೆ ಸೀರಮ್ ಮತ್ತು ಕೆಂಪು ರಕ್ತಕಣ ಎಂಬ ಎರಡು ಪರೀಕ್ಷೆಗಳಿವೆ. ಸೀರಮ್ ಫೋಲೇಟ್ ಇತ್ತೀಚಿನ ಊಟದೊಂದಿಗೆ ಬದಲಾಗುತ್ತದೆ; ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅದರೊಳಗಿನ ಫೋಲೇಟ್ ಕಳೆದ ಮೂರ್ನಾಲ್ಕು ತಿಂಗಳ ಸ್ಥಿತಿಯನ್ನು ಹೇಳುತ್ತದೆ. ಯಾವುದನ್ನು ಆರಿಸಿದರೂ ಬಿ12 ಅನ್ನು ಜತೆಯಲ್ಲೇ ಅಳೆಯಿಸುವುದು ಅಗತ್ಯ. ಬಿ12 ಕೊರತೆಯಿರುವವರು ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ವಿಟಮಿನ್ ಡಿ: ಎರಡು ರೂಪ, ಒಂದೇ ಸರಿಯಾದ ಆಯ್ಕೆ

ವಿಟಮಿನ್ ಡಿ ಕೊರತೆಯನ್ನು ತಿಳಿಯಲು ಅಳೆಯಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ. ಅದರ ಅರ್ಧಾಯು, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಎರಡು ಮೂರು ವಾರಗಳಿರುವುದರಿಂದ ಬಿಸಿಲಿನಿಂದಲೂ ಆಹಾರದಿಂದಲೂ ಬಂದ ಒಟ್ಟು ಪೂರೈಕೆಯನ್ನು ಅದು ತೋರಿಸುತ್ತದೆ. ‘ಸಕ್ರಿಯ ರೂಪ’ ಎಂದು ಕರೆಯಲಾಗುವ 1,25-ಡೈಹೈಡ್ರಾಕ್ಸಿ ರೂಪದ ಪರೀಕ್ಷೆ ಹೆಸರಿನಿಂದ ಹೆಚ್ಚು ನಿಖರವೆಂದು ತೋರಿದರೂ ಈ ಉದ್ದೇಶಕ್ಕೆ ತಪ್ಪು ಆಯ್ಕೆ. ಅದರ ಅರ್ಧಾಯು ಕೆಲವು ಗಂಟೆಗಳು ಮಾತ್ರ. ಕೊರತೆಯಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನಿನ ಒತ್ತಡದಿಂದ ಅದು ಸಾಮಾನ್ಯವಾಗಿಯೋ ಹೆಚ್ಚಾಗಿಯೋ ಕಾಣಿಸಬಹುದು. ಮೂತ್ರಪಿಂಡದ ಕಾಯಿಲೆ ಮತ್ತು ಕೆಲವು ಅಪರೂಪದ ಸ್ಥಿತಿಗಳಲ್ಲಿ ಮಾತ್ರ ಅದರ ಅಗತ್ಯವಿದೆ.

ಎಷ್ಟಿದ್ದರೆ ಸಾಕು ಎಂಬುದರಲ್ಲಿ ತಜ್ಞರ ನಡುವೆಯೇ ಭಿನ್ನಾಭಿಪ್ರಾಯವಿತ್ತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರ ವರದಿಯಲ್ಲಿ ಬಹುತೇಕ ಜನರಿಗೆ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಸಾಕೆಂದು ಹೇಳಿತು. ಅದೇ ವರ್ಷ ಎಂಡೋಕ್ರೈನ್ ಸೊಸೈಟಿ 30 ಇರಬೇಕೆಂದಿತು. 2024ರ ಹೊಸ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ 30ರ ಮಿತಿಯನ್ನು ಕೈಬಿಟ್ಟು, ಬೇರಾವ ಕಾರಣವೂ ಇಲ್ಲದ ಆರೋಗ್ಯವಂತ ವಯಸ್ಕರಿಗೆ ವಾಡಿಕೆಯಂತೆ ಈ ಪರೀಕ್ಷೆಯನ್ನು ಮಾಡಬಾರದೆಂದು ಸಲಹೆ ನೀಡಿತು. ಆದರೂ ಎಷ್ಟೋ ವರದಿಗಳಲ್ಲಿ 24 ಅಥವಾ 27 ಎಂಬ ಅಂಕಿಯ ಎದುರು ‘ಅಪೂರ್ಣ’ ಎಂಬ ಗುರುತು ಇಂದಿಗೂ ಬೀಳುತ್ತದೆ. ಅದನ್ನು ಕಂಡು ಗಾಬರಿಗೊಂಡು ಭಾರಿ ಪ್ರಮಾಣದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರನ್ನು ನೋಡಿದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಅತಿಯಾದ ಡಿ ರಕ್ತದ ಕ್ಯಾಲ್ಸಿಯಂ ಅನ್ನು ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಇನ್ನು ಏಕಮಾನದ ವಿಷಯ: ಕೆಲವು ಪ್ರಯೋಗಾಲಯಗಳು ಲೀಟರಿಗೆ ನ್ಯಾನೋಮೋಲ್‌ಗಳಲ್ಲಿ ವರದಿ ಕೊಡುತ್ತವೆ, ಆ ಅಂಕಿಯನ್ನು 2.5ರಿಂದ ಭಾಗಿಸಿದರೆ ಮಿಲಿಲೀಟರಿಗೆ ನ್ಯಾನೋಗ್ರಾಂ ಸಿಗುತ್ತದೆ. ಅಂದರೆ ನ್ಯಾನೋಮೋಲ್‌ಗಳಲ್ಲಿ 50 ಎಂದಿದ್ದರೆ ನ್ಯಾನೋಗ್ರಾಂಗಳಲ್ಲಿ ಅದು 20.

ಸತು, ತಾಮ್ರ ಮತ್ತು ಉಳಿದವು

ಸೀರಮ್ ಸತುವಿನ ಅಂಕಿ ಮಾದರಿಯನ್ನು ಸಂಗ್ರಹಿಸುವ ರೀತಿಯಿಂದಲೇ ಬದಲಾಗಿಬಿಡುತ್ತದೆ. ಊಟವಾದ ಮೇಲೆ ಅದು ಇಳಿಯುತ್ತದೆ, ಸೋಂಕಿನಲ್ಲಿಯೂ ಇಳಿಯುತ್ತದೆ. ಕೊಳವೆಯ ರಬ್ಬರ್ ಮುಚ್ಚಳದಿಂದ ಸತು ಬೆರೆತರೆ, ಅಥವಾ ರಕ್ತವನ್ನು ಬೇರ್ಪಡಿಸಲು ತಡವಾಗಿ ಕಣಗಳೊಳಗಿನ ಸತು ಹೊರಬಂದರೆ ಅಂಕಿ ಹುಸಿಯಾಗಿ ಏರುತ್ತದೆ. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸೂಕ್ಷ್ಮ ಖನಿಜಗಳಿಗೆಂದೇ ಮೀಸಲಾದ ಕೊಳವೆಯಲ್ಲಿ ರಕ್ತ ತೆಗೆಯುವ ಪ್ರಯೋಗಾಲಯವನ್ನೇ ಆರಿಸಬೇಕು. ಈ ಕೊಳವೆ ಇದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ತಾಮ್ರದ ಮಟ್ಟ ಸೋಂಕು, ಗರ್ಭಾವಸ್ಥೆ ಮತ್ತು ಈಸ್ಟ್ರೋಜನ್ ಮಾತ್ರೆಗಳಿಂದ ಏರುತ್ತದೆ. ಸತು ಮತ್ತು ತಾಮ್ರಗಳ ಸಂಬಂಧವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು, ಏಕೆಂದರೆ ಅಸಮತೋಲನ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಹೆಚ್ಚು ಸತುವನ್ನು ದೀರ್ಘಕಾಲ ಸೇವಿಸಿದರೆ ಕರುಳಿನ ಕೋಶಗಳಲ್ಲಿ ತಾಮ್ರವನ್ನು ಹಿಡಿದಿಡುವ ಪ್ರೋಟೀನು ಹೆಚ್ಚಿ, ತಾಮ್ರ ರಕ್ತಕ್ಕೆ ಸೇರುವುದಿಲ್ಲ. ಇದರಿಂದ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ ಮತ್ತು ಬಿ12 ಕೊರತೆಯನ್ನೇ ಹೋಲುವ ನಡಿಗೆಯ ತೊಂದರೆ ಉಂಟಾಗುತ್ತದೆ. ಅಂಥ ಲಕ್ಷಣಗಳಿದ್ದು ಬಿ12 ಸರಿಯಾಗಿದ್ದರೆ ತಾಮ್ರ ಮತ್ತು ಅದನ್ನು ರಕ್ತದಲ್ಲಿ ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನಿನ ಪರೀಕ್ಷೆಗಳನ್ನು ಕೇಳಲೇಬೇಕು.

ವಿಟಮಿನ್ ಎ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಆ ಸಂಗ್ರಹ ಬಹುತೇಕ ಮುಗಿಯುವವರೆಗೂ ರಕ್ತದಲ್ಲಿ ಅಳೆಯುವ ಅದರ ರೂಪವಾದ ರೆಟಿನಾಲ್ ಸ್ಥಿರವಾಗಿರುತ್ತದೆ. ವಿಟಮಿನ್ ಸಿ ತೀರಾ ಅಸ್ಥಿರ. ಮಾದರಿಯನ್ನು ಕೂಡಲೇ ತಂಪಾಗಿಟ್ಟು ಸಂರಕ್ಷಿಸದಿದ್ದರೆ ಅಂಕಿ ಹುಸಿಯಾಗಿ ಇಳಿಯುತ್ತದೆ. ಅಯೋಡಿನ್‌ನ ಶೇ. 90ಕ್ಕಿಂತ ಹೆಚ್ಚು ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರ ಪರೀಕ್ಷೆ ಸಮುದಾಯದ ಸ್ಥಿತಿಯನ್ನು ಅಳೆಯಲು ಉತ್ತಮ ಸಾಧನ. ಆದರೆ ದಿನದಿಂದ ದಿನಕ್ಕೆ ಅದು ಬಹಳ ಬದಲಾಗುವುದರಿಂದ ಒಬ್ಬ ವ್ಯಕ್ತಿಯ ಒಂದೇ ಮಾದರಿಯ ಮೇಲೆ ತೀರ್ಮಾನಕ್ಕೆ ಬರುವಂತಿಲ್ಲ. ವ್ಯಕ್ತಿಗೆ ಥೈರಾಯ್ಡ್ ಪರೀಕ್ಷೆಯೇ ಹೆಚ್ಚು ಉಪಯುಕ್ತ.

ಪ್ಯಾಕೇಜೋ, ಬಿಡಿ ಪರೀಕ್ಷೆಯೋ?

ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಎಂಬ ಆಸೆ ಅರ್ಥವಾಗುವಂಥದ್ದು. ಆದರೆ ವರದಿಯಲ್ಲಿ ಕಾಣುವ ‘ಸಾಮಾನ್ಯ ವ್ಯಾಪ್ತಿ’ಗಳಲ್ಲಿ ಹೆಚ್ಚಿನವು ಆರೋಗ್ಯವಂತರ ಶೇ. 95ರಷ್ಟು ಜನರನ್ನು ಒಳಗೊಳ್ಳುವಂತೆ ನಿಗದಿಯಾಗಿರುತ್ತವೆ. ಅಂದರೆ ಪ್ರತಿ ಪರೀಕ್ಷೆಯಲ್ಲೂ ಶೇ. 5ರಷ್ಟು ಆರೋಗ್ಯವಂತರು ವ್ಯಾಪ್ತಿಯ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಅಂಶಗಳನ್ನು ಹೀಗೆ ಅಳೆದರೆ, ಸಂಪೂರ್ಣ ಆರೋಗ್ಯವಂತನಲ್ಲಿಯೂ ಕನಿಷ್ಠ ಒಂದು ಅಂಕಿ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ ಶೇ. 64ರಷ್ಟಿದೆ. ಆ ಒಂದು ಕೆಂಪು ಅಂಕಿ ಇನ್ನಷ್ಟು ಪರೀಕ್ಷೆಗಳಿಗೆ, ಬೇಡದ ಮಾತ್ರೆಗಳಿಗೆ, ನಿದ್ದೆ ಕೆಡಿಸುವ ಚಿಂತೆಗೆ ದಾರಿಯಾಗುತ್ತದೆ.

ವಿಸ್ತಾರವಾದ ಪರೀಕ್ಷೆ ನ್ಯಾಯವಾಗಿ ಬೇಕಾಗುವವರೂ ಇದ್ದಾರೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸೀಲಿಯಾಕ್ ಅಥವಾ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿರುವವರು, ದೀರ್ಘಕಾಲ ರಕ್ತನಾಳದ ಮೂಲಕವೇ ಪೋಷಣೆ ಪಡೆಯುತ್ತಿರುವವರು, ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿರುವವರು ಈ ಗುಂಪಿಗೆ ಸೇರುತ್ತಾರೆ. ಇವರಲ್ಲಿ ಒಂದು ಕೊರತೆಯಿದ್ದಲ್ಲಿ ಇನ್ನೆರಡು ಇರುವ ಸಂಭವ ಹೆಚ್ಚು, ಹಾಗಾಗಿ ವ್ಯಾಪಕವಾಗಿ ಹುಡುಕುವುದು ಸರಿ. ಉಳಿದವರು ಮೊದಲು ಆಹಾರ, ಔಷಧ, ಹಳೆಯ ಕಾಯಿಲೆ ಮತ್ತು ಲಕ್ಷಣಗಳ ವಿವರವನ್ನು ವೈದ್ಯರ ಮುಂದಿಟ್ಟು, ಅವರು ಸೂಚಿಸುವ ಎರಡೋ ಮೂರೋ ಪರೀಕ್ಷೆಗಳಿಗೆ ಸೀಮಿತರಾಗುವುದು ಒಳಿತು.

ರಕ್ತನಾಳ, ಬೆರಳ ತುದಿ, ಕೂದಲು

ಮಾದರಿಗಳ ಪೈಕಿ ತೋಳಿನ ರಕ್ತನಾಳದಿಂದ ತೆಗೆದ ರಕ್ತಕ್ಕೆ ಮೊದಲ ಸ್ಥಾನ. ಬೆರಳಿನ ಹನಿಯನ್ನು ಒಣಗಿಸಿ ಕಳುಹಿಸುವ ಪರೀಕ್ಷೆ 25-ಹೈಡ್ರಾಕ್ಸಿ ಡಿಯಂಥ ಕೆಲವು ಅಂಶಗಳಿಗೆ, ನುರಿತ ಪ್ರಯೋಗಾಲಯದ ಕೈಯಲ್ಲಿ, ಒಪ್ಪಬಹುದಾದ ಫಲಿತಾಂಶ ಕೊಡುತ್ತದೆ. ಆದರೆ ರಕ್ತ ಬರಲೆಂದು ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಮಾದರಿ ತೆಳುವಾಗುತ್ತದೆ, ಕಣಗಳು ಒಡೆದು ಪೊಟ್ಯಾಸಿಯಂನಂಥವು ಹೊರಚೆಲ್ಲುತ್ತವೆ. ರಕ್ತಹೀನತೆ ಇದ್ದವರ ಹನಿ ಕಾಗದದ ಮೇಲೆ ಹರಡುವ ರೀತಿಯೇ ಬೇರೆ. ಮನೆಯ ಕಿಟ್‌ನಿಂದ ಬಂದ ಅಸಹಜ ಅಂಕಿಯನ್ನು ರಕ್ತನಾಳದ ಮಾದರಿಯಿಂದ ದೃಢಪಡಿಸಿಕೊಂಡ ಮೇಲೆಯೇ ಚಿಕಿತ್ಸೆಗೆ ಮುಂದಾಗಬೇಕು.

ಕೂದಲಿನ ವಿಶ್ಲೇಷಣೆಯನ್ನು ಪೋಷಕಾಂಶಗಳ ಸ್ಥಿತಿ ತಿಳಿಯಲು ಬಳಸಬಾರದೆಂದು ನೇರವಾಗಿಯೇ ಹೇಳುತ್ತೇನೆ. ಪಾದರಸ, ಆರ್ಸೆನಿಕ್‌ಗಳಂಥ ವಿಷಗಳಿಗೆ ದೀರ್ಘಕಾಲ ಒಡ್ಡಿಕೊಂಡದ್ದನ್ನು ಪತ್ತೆಹಚ್ಚುವಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಶಾಂಪೂ, ಬಣ್ಣ, ನೀರು, ಕೂದಲು ಬೆಳೆಯುವ ವೇಗ ಎಲ್ಲವೂ ಖನಿಜಗಳ ಅಂಕಿಯನ್ನು ಬದಲಿಸುತ್ತವೆ. 2001ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್‌ನ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬರೇ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಆರು ಪ್ರಯೋಗಾಲಯಗಳಿಗೆ ಕಳುಹಿಸಲಾಗಿತ್ತು. 12 ಖನಿಜಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಫಲಿತಾಂಶಗಳ ನಡುವೆ ಹತ್ತು ಪಟ್ಟಿಗೂ ಮಿಕ್ಕ ವ್ಯತ್ಯಾಸ ಕಂಡುಬಂದಿತು. ತೋಳಿನ ಬಲ ನೋಡಿ ಕೊರತೆ ಹೇಳುವ ವಿಧಾನಗಳಿಗೆ ಅಷ್ಟು ಆಧಾರವೂ ಇಲ್ಲ.

ಸಿದ್ಧತೆ ಮತ್ತು ಮರುಪರೀಕ್ಷೆ

ಕೂದಲು, ಉಗುರುಗಳ ಆರೈಕೆಗೆಂದು ಮಾರುವ ಹಲವು ಮಾತ್ರೆಗಳಲ್ಲಿ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ದಿನದ ಅಗತ್ಯಕ್ಕಿಂತ ನೂರಾರು ಪಟ್ಟು ಇರುತ್ತದೆ. ಬಯೋಟಿನ್ ಆಧಾರಿತ ತಂತ್ರ ಬಳಸುವ ಯಂತ್ರಗಳಲ್ಲಿ ಇದು ಫಲಿತಾಂಶವನ್ನು ತಿರುಚುತ್ತದೆ: ಫೆರಿಟಿನ್ ಹುಸಿಯಾಗಿ ಇಳಿಯಬಹುದು, ಡಿ ಮತ್ತು ಬಿ12 ಹುಸಿಯಾಗಿ ಏರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇಂಥ ಮಾತ್ರೆ ಸೇವಿಸುತ್ತಿರುವವರು ಅದನ್ನು ವೈದ್ಯರಿಗೂ ಪ್ರಯೋಗಾಲಯಕ್ಕೂ ತಿಳಿಸಿ, ಅವರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಕನಿಷ್ಠ ಎರಡು ದಿನ, ನಿಲ್ಲಿಸಿ ರಕ್ತ ಕೊಡಬೇಕು. ಜ್ವರ ಅಥವಾ ಸೋಂಕು ಇರುವ ವಾರದಲ್ಲಿ ಫೆರಿಟಿನ್, ಸತು, ವಿಟಮಿನ್ ಎ ಪರೀಕ್ಷೆಗಳನ್ನು, ತುರ್ತಿಲ್ಲದಿದ್ದರೆ, ಮುಂದೂಡುವುದು ಲೇಸು.

ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿದರೆ ಮಾತ್ರ ಎರಡು ಅಂಕಿಗಳನ್ನು ಹೋಲಿಸಬಹುದು. ವಿಟಮಿನ್ ಡಿ ಚಿಕಿತ್ಸೆ ಆರಂಭಿಸಿದ ಮೇಲೆ ಸುಮಾರು ಮೂರು ತಿಂಗಳಿಗೆ ಮುಂಚೆ ಅಳೆಯಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಮಟ್ಟ ಇನ್ನೂ ಏರುತ್ತಲೇ ಇರುತ್ತದೆ. ಕಬ್ಬಿಣದ ಚಿಕಿತ್ಸೆಯಲ್ಲಿ ಹಿಮೋಗ್ಲೋಬಿನ್ ಕೆಲವು ವಾರಗಳಲ್ಲಿ ಏರತೊಡಗುತ್ತದೆ, ಸಂಗ್ರಹ ತುಂಬಲು ಇನ್ನೂ ಕೆಲವು ತಿಂಗಳು ಬೇಕಾಗುವುದರಿಂದ ಹಿಮೋಗ್ಲೋಬಿನ್ ಸರಿಹೋಯಿತೆಂದು ಮಾತ್ರೆ ನಿಲ್ಲಿಸದೆ ಫೆರಿಟಿನ್ ನೋಡಿ ನಿರ್ಧರಿಸಬೇಕು. ಬಿ12 ಚುಚ್ಚುಮದ್ದು ಪಡೆಯುತ್ತಿರುವವರಲ್ಲಿ ಸೀರಮ್ ಬಿ12 ಹೇಗೂ ಏರಿರುತ್ತದೆ. ಅಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ರಕ್ತಕಣಗಳ ಎಣಿಕೆ, ಮೀಥೈಲ್‌ಮಲೋನಿಕ್ ಆಮ್ಲದ ಇಳಿಕೆ ಮತ್ತು ಪಾದಗಳ ಜುಮ್ಮೆನಿಸುವಿಕೆ ಕಡಿಮೆಯಾಗುವುದರಿಂದ ತಿಳಿಯಬೇಕು.